ಬಾಗಿಲು ತಟ್ಟಿದವರು ಯಾರು?

ಕೃಷ್ಣರಾಜಪುರಕ್ಕೆ ಹೊಂದಿಕೊಂಡೇ ದೂರವಾಣಿನಗರವಿದೆ. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆ ಇಲ್ಲಿ ಸ್ಥಾಪನೆಯಾಯಿತು. ಬಡಾವಣೆಗೆ ಹೆಸರು ಬಂದದ್ದೂ ಅದರಿಂದಲೇ. ನಮ್ಮ ಮಸೀದಿಯ ಮೊದಲ ಸಾಲಿನಲ್ಲಿ ನಿಲ್ಲುವ ಹಿರಿಯರಲ್ಲಿ ಕೆಲವರು ಆ ಕಾರ್ಖಾನೆಯಿಂದ ನಿವೃತ್ತರಾದವರು. ಫೋನು ತಯಾರಿಸುತ್ತಿದ್ದ ಅವರ ಮನೆಗಳಲ್ಲಿ ಬಹುಕಾಲ ಫೋನಿರಲಿಲ್ಲವೆಂಬುದನ್ನು ಈಗ ನಗುತ್ತಾ ಹೇಳುತ್ತಾರೆ. ಟ್ರಂಕ್ ಕರೆಯ ಆ ದಿನಗಳಲ್ಲಿ ಸಾಲದ ವಿಷಯ, ಕಾಯಿಲೆಯ ವಿಷಯ, ಹೆಣ್ಣುಮಕ್ಕಳ ಸಂಬಂಧದ ಮಾತುಗಳನ್ನು ಯಾರೂ ಫೋನಿನಲ್ಲಿ ಆಡುತ್ತಿರಲಿಲ್ಲವಂತೆ. ನಡುವೆ ಆಪರೇಟರ್ ಇದ್ದಾರೆ, ಕಿವಿಗೆ ಬಿದ್ದರೂ ಬೀಳಬಹುದು ಎಂಬ ಎಚ್ಚರ. ಅಂತಹ ಮಾತಿಗೆ ಒಂದೋ ಇನ್‌ಲ್ಯಾಂಡ್ ಪತ್ರ, ಇಲ್ಲವೇ ರೈಲು ಹತ್ತಿ ತಾವೇ ಹೋಗುವುದು.

ಅದೇ ಹಿರಿಯರ ಮೊಮ್ಮಕ್ಕಳು ಇಂದು ವೈಟ್‌ಫೀಲ್ಡ್ ಕಡೆಗೋ ಹೊರವರ್ತುಲ ರಸ್ತೆಯ ಕಡೆಗೋ ಸಾಫ್ಟ್‌ವೇರ್ ಕಂಪನಿಗಳಿಗೆ ಹೋಗುತ್ತಾರೆ. ಇಶಾ ನಮಾಝಿನ ನಂತರ ಅವರ ವಾಟ್ಸ್‌ಆ್ಯಪ್ ಗುಂಪುಗಳು ಜೀವ ಪಡೆಯುತ್ತವೆ. 2021ರ ಜನವರಿಯಲ್ಲಿ ವಾಟ್ಸ್‌ಆ್ಯಪ್ ತನ್ನ ಹೊಸ ಖಾಸಗಿತನ ನೀತಿಯನ್ನು ಪ್ರಕಟಿಸಿದಾಗ ಸಿಗ್ನಲ್‌ಗೆ ಹೋಗೋಣವೇ, ಟೆಲಿಗ್ರಾಂಗೆ ಹೋಗೋಣವೇ ಎಂಬ ಚರ್ಚೆ ವಾರಗಟ್ಟಲೆ ನಡೆಯಿತು, ನಡೆದದ್ದು ವಾಟ್ಸ್‌ಆ್ಯಪ್‌ನಲ್ಲಿಯೇ. ಆಧಾರ್ ಕುರಿತು, ಮುಖ ಗುರುತಿಸುವ ಕ್ಯಾಮೆರಾಗಳ ಕುರಿತು, ಮತದಾರರ ಪಟ್ಟಿಯ ಕುರಿತು ವಾದಗಳು ಇಂದಿಗೂ ನಡೆಯುತ್ತಿವೆ. ಇದನ್ನು ಕಾಲಹರಣವೆಂದು ಜರೆಯುವ ಹಿರಿಯರಿದ್ದಾರೆ. ನಾವು ಆ ಮಾತನ್ನು ಪೂರ್ತಿ ಒಪ್ಪುವುದಿಲ್ಲ. ತನ್ನ ಹೆಸರು ಯಾವ ಪಟ್ಟಿಯಲ್ಲಿ ಸೇರಿದೆ, ಯಾವ ಪಟ್ಟಿಯಿಂದ ಅಳಿದಿದೆ ಎಂದು ವಿಚಾರಿಸಿಕೊಳ್ಳುವುದು ಪ್ರತಿಯೊಬ್ಬ ಪ್ರಜೆಗೂ ಅಗತ್ಯ. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಅಲೆಯುವವರಿಗಂತೂ ಇನ್ನೂ ಅಗತ್ಯ.

ಖಾಸಗಿತನದ ಹಕ್ಕನ್ನು ದೇಶಕ್ಕೆ ದೊರಕಿಸಿಕೊಟ್ಟ ಮೊಕದ್ದಮೆಯೂ ನಮ್ಮ ಬೆಂಗಳೂರಿನದೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಯೋಜನೆಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದಾಗ ಅವರಿಗೆ 86 ವರ್ಷ. ಐದು ವರ್ಷಗಳ ನಂತರ, 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪಿತ್ತಿತು. ಮರುವರ್ಷ ಆಧಾರ್ ಯೋಜನೆಯನ್ನು ನ್ಯಾಯಾಲಯ ಬಹುಮತದಿಂದ ಎತ್ತಿಹಿಡಿಯಿತಾದರೂ ಖಾಸಗಿ ಕಂಪನಿಗಳು ಅದನ್ನು ಕಡ್ಡಾಯವಾಗಿ ಕೇಳುವಂತಿಲ್ಲವೆಂದಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, 98ನೆಯ ವಯಸ್ಸಿನಲ್ಲಿ, ತೀರಿಕೊಂಡರು. ವಾದವನ್ನು ಸರಿಯಾದ ಜಾಗಕ್ಕೆ ಒಯ್ದು, ತನ್ನ ಹೆಸರಿನಲ್ಲಿಯೇ ನಡೆಸಿದವರು ಎಂಬ ಕಾರಣಕ್ಕೆ ನಮಗೆ ಅವರ ಮೇಲೆ ವಿಶೇಷ ಗೌರವ.

2017ರ ಪೀಠದ ಮುಂದೆ ಸರ್ಕಾರವು ಆಧಾರವಾಗಿ ಹಿಡಿದುಕೊಂಡಿದ್ದ ಹಳೆಯ ತೀರ್ಪುಗಳಲ್ಲಿ ಒಂದು 1962ರದ್ದು, ಖರಕ್ ಸಿಂಗ್ ಪ್ರಕರಣದ್ದು. ಉತ್ತರ ಪ್ರದೇಶದ ಈ ವ್ಯಕ್ತಿಯ ಮೇಲಿದ್ದ ಡಕಾಯಿತಿ ಆರೋಪ ಸಾಕ್ಷ್ಯವಿಲ್ಲದೆ ಬಿದ್ದುಹೋಗಿತ್ತು. ಆದರೂ ಪೊಲೀಸರು ಅವನ ಮೇಲೆ ಕಣ್ಣಿಟ್ಟಿದ್ದರು. ನಡುರಾತ್ರಿ ಬಂದು ಬಾಗಿಲು ತಟ್ಟಿ, ನಿದ್ದೆಯಿಂದ ಎಬ್ಬಿಸಿ ಹೋಗುತ್ತಿದ್ದರು. ರಾತ್ರಿಯ ಆ ಭೇಟಿ ಕಾನೂನುಬಾಹಿರವೆಂದು ಆಗಿನ ನ್ಯಾಯಾಲಯ ಹೇಳಿತು. ಆದರೆ ಸಂವಿಧಾನವು ಖಾಸಗಿತನ ಎಂಬ ಹಕ್ಕನ್ನು ಕೊಟ್ಟಿಲ್ಲವೆಂದೂ ಅದೇ ತೀರ್ಪು ಹೇಳಿತು. ಆ ಎರಡನೆಯ ಮಾತನ್ನು ತಿದ್ದಲು 55 ವರ್ಷ ಹಿಡಿಯಿತು. ಇಷ್ಟು ದೊಡ್ಡ ಕಾನೂನಿನ ಪ್ರಶ್ನೆಯ ಬುಡದಲ್ಲಿದ್ದದ್ದು ಒಂದು ಮನೆಯ ಬಾಗಿಲು ಮತ್ತು ಅದನ್ನು ತಟ್ಟಿದ ಕೈ.

ಪವಿತ್ರ ಕುರ್‌ಆನ್ ಕೂಡಾ ಈ ವಿಷಯವನ್ನು ಬಾಗಿಲಿನಿಂದಲೇ ಆರಂಭಿಸುತ್ತದೆ. ಇತರರ ಮನೆಗಳನ್ನು ಅವರ ಸಮ್ಮತಿ ಪಡೆಯದೆ, ಸಲಾಮ್ ಹೇಳದೆ ಪ್ರವೇಶಿಸಬಾರದೆಂದೂ ಹಿಂದಿರುಗಿ ಹೋಗಿ ಎಂದರೆ ಹಿಂದಿರುಗಬೇಕೆಂದೂ ಸೂರಃ ಅನ್ನೂರ್ ಕಲಿಸುತ್ತದೆ. ಇಲ್ಲಿ ಆಜ್ಞೆಯು ಮನೆಯೊಳಗಿರುವವನಿಗಿಲ್ಲ, ಹೊರಗೆ ನಿಂತವನಿಗಿದೆ. ನಮ್ಮ ಚರ್ಚೆಗಳಲ್ಲಿ ಖಾಸಗಿತನವೆಂದರೆ ನಮಗೆ ಇತರರಿಂದ ಬರಬೇಕಾದ ಬಾಕಿ. ಕುರ್‌ಆನ್ ಅದನ್ನು ನಾವು ಇತರರಿಗೆ ಸಲ್ಲಿಸಬೇಕಾದ ಬಾಕಿಯಾಗಿ ಬರೆದಿಟ್ಟಿದೆ. ಇವೆರಡರ ನಡುವಿನ ಅಂತರ ಮೇಲ್ನೋಟಕ್ಕೆ ಸಣ್ಣದು. ನಮ್ಮ ಬೀದಿಯಲ್ಲಿ ಅದು ಎಷ್ಟು ದೊಡ್ಡದಾಯಿತೆಂಬುದನ್ನು ಮುಂದೆ ಹೇಳುತ್ತೇವೆ.

ಈ ಅನುಮತಿಯ ಶಿಷ್ಟಾಚಾರಕ್ಕೆ ಇನ್ನೊಂದು ಮುಖವಿದೆ. ಜಾಬಿರ್(ರ) ಅವರು ತಮ್ಮ ತಂದೆಯ ಸಾಲದ ವಿಷಯವಾಗಿ ಪ್ರವಾದಿ(ಸ)ಯವರ ಬಳಿಗೆ ಹೋಗಿ ಬಾಗಿಲು ತಟ್ಟಿದರು. ಯಾರೆಂದು ಕೇಳಿದಾಗ, ನಾನು ಎಂದಷ್ಟೇ ಉತ್ತರಿಸಿದರು. ಆ ಉತ್ತರ ಪ್ರವಾದಿ(ಸ)ಯವರಿಗೆ ಹಿಡಿಸಲಿಲ್ಲವೆಂದು ಸಹೀಹ್ ಬುಖಾರಿಯಲ್ಲಿ ವರದಿಯಾಗಿದೆ. ಬಾಗಿಲು ತಟ್ಟುವವನು ತನ್ನ ಹೆಸರು ಹೇಳಬೇಕು. ಒಳಗಿರುವವರು ಯಾರಿಗೆ ಬಾಗಿಲು ತೆರೆಯುತ್ತಿದ್ದೇವೆಂದು ಅರಿಯದೆ ಕೊಟ್ಟ ಅನುಮತಿಯು ಅನುಮತಿಯೇ ಅಲ್ಲ.

2022ರಲ್ಲಿ ನಮ್ಮ ನೆರೆಯಲ್ಲಿ ನಡೆದದ್ದು ಇಂತಹ ಅನುಮತಿಯ ಕಥೆಯೇ. ಮತದಾರರಲ್ಲಿ ಜಾಗೃತಿ ಮೂಡಿಸಲು ಬಿಬಿಎಂಪಿಯಿಂದ ಅನುಮತಿ ಪಡೆದಿದ್ದ ಚಿಲುಮೆ ಎಂಬ ಸಂಸ್ಥೆಯ ಕೆಲಸಗಾರರು ಮತಗಟ್ಟೆ ಅಧಿಕಾರಿಗಳ ಗುರುತಿನ ಚೀಟಿ ಧರಿಸಿ ಮನೆಮನೆಗೆ ಹೋಗಿ ಜಾತಿ, ಮಾತೃಭಾಷೆ, ಆಧಾರ್, ಫೋನ್ ಸಂಖ್ಯೆ ಮುಂತಾದ ವಿವರ ಸಂಗ್ರಹಿಸಿದರೆಂಬ ಆರೋಪ ಆ ವರ್ಷದ ನವೆಂಬರಿನಲ್ಲಿ ಹೊರಬಂತು. ಪೊಲೀಸ್ ಪ್ರಕರಣ ದಾಖಲಾಯಿತು, ಬಂಧನಗಳಾದವು. ಚುನಾವಣಾ ಆಯೋಗವು ಇಬ್ಬರು ಹಿರಿಯ ಅಧಿಕಾರಿಗಳನ್ನು ಅಮಾನತಿನಲ್ಲಿಡಲು ಆದೇಶಿಸಿ, ಶಿವಾಜಿನಗರ, ಚಿಕ್ಕಪೇಟೆ ಮತ್ತು ಮಹದೇವಪುರ ಕ್ಷೇತ್ರಗಳಲ್ಲಿ ಸೇರಿಸಿದ ಹಾಗೂ ಅಳಿಸಿದ ಎಲ್ಲ ಹೆಸರುಗಳ ಮರುಪರಿಶೀಲನೆಗೆ ಸೂಚಿಸಿತು. ಆ ಮನೆಗಳ ಹೆಂಗಸರು ಬಾಗಿಲು ತೆರೆದಿದ್ದರು, ಯಾರೆಂದು ಕೇಳಿಯೂ ಇದ್ದರು. ಕೊರಳಲ್ಲಿದ್ದ ಚೀಟಿ ಸರ್ಕಾರದ ಹೆಸರು ಹೇಳಿತು. ಆರೋಪ ನಿಜವಾದರೆ, ತಟ್ಟಿದ ಕೈ ಬೇರೆಯವರದು.

ಮತ್ತೆ 2025ರ ಆಗಸ್ಟ್ 7ರಂದು ಮಹದೇವಪುರದ ಹೆಸರು ದೇಶವೆಲ್ಲಾ ಕೇಳಿಸಿತು. ಈ ಕ್ಷೇತ್ರವೊಂದರಲ್ಲೇ 1,00,250 ಮತಗಳ ಅಕ್ರಮ ನಡೆದಿದೆಯೆಂದು ರಾಹುಲ್ ಗಾಂಧಿಯವರು ಆರೋಪಿಸಿದರು. ಬೆಂಗಳೂರು ಕೇಂದ್ರ ಲೋಕಸಭಾ ಕ್ಷೇತ್ರದ ಫಲಿತಾಂಶ 2024ರಲ್ಲಿ 32,707 ಮತಗಳ ಅಂತರದಲ್ಲಿ ನಿರ್ಧಾರವಾಗಿತ್ತು. ಚುನಾವಣಾ ಆಯೋಗವು ಆರೋಪವನ್ನು ಅಲ್ಲಗಳೆದು, ಪ್ರಮಾಣ ಸಹಿತ ದೂರು ಕೊಡುವಂತೆ ಕೇಳಿತು. ಸರಿ ಯಾರದು ತಪ್ಪು ಯಾರದು ಎಂಬ ತೀರ್ಮಾನ ಈ ಲೇಖನದ ಉದ್ದೇಶವಲ್ಲ. ನಮ್ಮ ಮನಸ್ಸು ನಿಂತದ್ದು ಆ ಆರೋಪದಲ್ಲಿ ಬಂದ ಒಂದು ವಿಳಾಸದ ಬಳಿ. ಒಂದೇ ಕೋಣೆಯ ಮನೆಯ ವಿಳಾಸದಲ್ಲಿ 80 ಮತದಾರರಿದ್ದಾರೆಂಬ ಮಾತು ಹೊರಬಿದ್ದ ಕೂಡಲೇ ಟಿವಿ ಕ್ಯಾಮೆರಾಗಳು ಅಲ್ಲಿಗೆ ಧಾವಿಸಿದವು. ಒಳಗಿದ್ದವರು ಹೊರರಾಜ್ಯದಿಂದ ಇತ್ತೀಚೆಗಷ್ಟೇ ಬಾಡಿಗೆಗೆ ಬಂದ ದುಡಿಯುವ ಜನ. ಪಟ್ಟಿಯನ್ನು ಬರೆದವರೂ ಅವರಲ್ಲ, ಅಳಿಸಬೇಕಾದವರೂ ಅವರಲ್ಲ. ಆದರೂ ಅವರ ಚಾಪೆ, ಪಾತ್ರೆ, ಮುಖಗಳನ್ನು ಇಡೀ ದೇಶ ನೋಡಿತು. ಎರಡೂ ಪಕ್ಷದ ಬೆಂಬಲಿಗರು ಆ ದೃಶ್ಯವನ್ನು ತಮ್ಮ ವಾದಕ್ಕೆ ಸಾಕ್ಷಿಯೆಂದು ಹಂಚಿದರು.

ಅದೇ ದಿನಗಳಲ್ಲಿ ನಮ್ಮ ಬೀದಿಯ ಒಬ್ಬ ಖಾಲಾರಿಗೂ ಇಂತಹದೇ ಪಾಡಾಯಿತು. ಖಾಲಾ ವಿಧವೆ, ಹೊಲಿಗೆ ಅವರ ಉದ್ಯೋಗ. ಶಿವಾಜಿನಗರದಲ್ಲಿ ಬಾಡಿಗೆ ಏರಿದ್ದರಿಂದ ಕೆಲವು ವರ್ಷಗಳ ಹಿಂದೆ ಮಗಳೊಂದಿಗೆ ಕೃಷ್ಣರಾಜಪುರಕ್ಕೆ ಬಂದವರು. ವಿಳಾಸ ಬದಲಾವಣೆಗೆ ಅರ್ಜಿ ತುಂಬಿಕೊಡು ಬೇಟಾ ಎಂದು ಪಕ್ಕದ ಮನೆಯ ಹುಡುಗನಿಗೆ ತಮ್ಮ ಮತದಾರರ ಚೀಟಿಯನ್ನೂ ಆಧಾರ್ ಕಾರ್ಡನ್ನೂ ಕೊಟ್ಟಿದ್ದರು. ಹುಡುಗ ಒಳ್ಳೆಯವನು, ನಮ್ಮಲ್ಲಿ ಖಾಸಗಿತನದ ಬಗ್ಗೆ ಅವನಷ್ಟು ಓದಿಕೊಂಡವರು ಬೇರೆ ಇಲ್ಲ. ಖಾಲಾರ ಹೆಸರು ಇಲ್ಲಿಯ ಪಟ್ಟಿಗೆ ಸೇರಿದ್ದರೂ ಅಲ್ಲಿಯ ಪಟ್ಟಿಯಿಂದ ಹೋಗಿಲ್ಲವೆಂಬುದು ಅವನ ಕಣ್ಣಿಗೆ ಬಿತ್ತು. ಆ ರಾತ್ರಿ ಒಂದು ಗುಂಪಿನಲ್ಲಿ ಮತಪಟ್ಟಿಯ ಬಗ್ಗೆ ಬಿಸಿಬಿಸಿ ವಾದ ನಡೆಯುತ್ತಿತ್ತು. ಪಟ್ಟಿಗಳು ಎಷ್ಟು ಅಸ್ತವ್ಯಸ್ತವಾಗಿವೆ, ಬಡವರು ತಮಗೆ ಅರಿವಿಲ್ಲದೆಯೇ ಹೇಗೆ ಎರಡು ಕಡೆ ಉಳಿಯುತ್ತಾರೆ ಎಂಬುದನ್ನು ಸಾಬೀತುಪಡಿಸಲು ಅವನು ಖಾಲಾರ ಚೀಟಿ ಮತ್ತು ಕಾರ್ಡಿನ ಚಿತ್ರಗಳನ್ನು ಅಲ್ಲಿ ಹಾಕಿದ. ಅವನ ವಾದ ಸರಿಯಾಗಿಯೇ ಇತ್ತು. ಗುಂಪಿನಲ್ಲಿ ಅವನೇ ಗೆದ್ದ ಕೂಡಾ.

ಬೆಳಗಾಗುವಷ್ಟರಲ್ಲಿ ಯಾರೋ ಆ ಚಿತ್ರಗಳನ್ನು ಇನ್ನೊಂದು ಗುಂಪಿಗೆ ಒಯ್ದಿದ್ದರು. ಅಲ್ಲಿ ತಲೆಬರಹ ಬದಲಾಗಿತ್ತು: ನಕಲಿ ಮತದಾರರು ಯಾರೆಂದು ನೋಡಿ ಎಂದು. ಮುಖ, ಹೆಸರು, ಬುರ್ಖಾ, ವಿಳಾಸ, ಹನ್ನೆರಡು ಅಂಕೆಗಳು ಎಲ್ಲವೂ ಇದ್ದವು. ಎರಡು ದಿನಗಳ ನಂತರ ಖಾಲಾರ ಗಿರಾಕಿಯೊಬ್ಬರು, ರವಿಕೆಯ ಅಳತೆ ಕೊಡಲು ಬಂದವರು, ಅಕ್ಕ ಇದು ನಿಮ್ಮದೇ ಫೋಟೊ ಅಲ್ಲವೇ ಎಂದು ತಮ್ಮ ಫೋನಿನಲ್ಲಿ ತೋರಿಸಿದಾಗಲೇ ಅವರಿಗೆ ವಿಷಯ ತಿಳಿದದ್ದು. ಆ ಗಿರಾಕಿ ಹಿಂದೂ ಸಹೋದರಿ. ಗಾಬರಿಯಿಂದ, ಕಾಳಜಿಯಿಂದ ತೋರಿಸಿದರೇ ಹೊರತು ಬೇರೆ ಭಾವದಿಂದಲ್ಲ. ಆದರೆ ಅದನ್ನು ನೋಡಿದ ಎಲ್ಲರೂ ಅವರಂತೆ ಇರಲಾರರು.

ಖಾಲಾ ಮಸೀದಿಯ ಹಿರಿಯರ ಮನೆಗೆ ಬಂದಾಗ ನಾವು ಕೆಲವರು ಅಲ್ಲಿದ್ದೆವು. ಅವರು ಅಳಲಿಲ್ಲ, ಬೈಯಲೂ ಇಲ್ಲ. ನನ್ನ ಕಾಗದವನ್ನು ನಾನು ಒಬ್ಬನ ಕೈಗೆ ಕೊಟ್ಟಿದ್ದೆ, ಅದು ಊರವರ ಕೈಗೆ ಹೇಗೆ ಬಂತು ಎಂದಷ್ಟೇ ಕೇಳಿದರು. ಹುಡುಗನನ್ನು ಕರೆಸಲಾಯಿತು. ನಿಮ್ಮ ಪರವಾಗಿಯೇ ವಾದಿಸಿದೆ ಖಾಲಾ ಎಂದ. ಬೇಟಾ, ನನ್ನನ್ನು ಕೇಳಿದ್ದೆಯಾ ಎಂದರು ಖಾಲಾ. ಅವನು ತಲೆ ತಗ್ಗಿಸಿದ.

ಕೇಳಬೇಕೆಂಬ ಆ ಒಂದು ಸಂಗತಿಯನ್ನು ಯಾವ ಕಾನೂನೂ ಅವನ ಮೇಲೆ ಸುಲಭವಾಗಿ ಹೇರಲಾರದು. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಕಂಪನಿಗಳು ಜನರ ಒಪ್ಪಿಗೆ ಪಡೆಯಬೇಕೆನ್ನುತ್ತದೆ. ವ್ಯಕ್ತಿಯೊಬ್ಬ ತನ್ನ ವೈಯಕ್ತಿಕ ಅಥವಾ ಗೃಹ ಸಂಬಂಧಿ ಉದ್ದೇಶಕ್ಕೆ ಬಳಸುವ ಮಾಹಿತಿಯನ್ನು ಅದೇ ಕಾಯ್ದೆ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಗುಂಪಿನಲ್ಲಿ ಹಂಚುವುದು ವೈಯಕ್ತಿಕವೋ ಅಲ್ಲವೋ ಎಂದು ವಕೀಲರು ಚರ್ಚಿಸಲಿ. ನೆರೆಯವರ ನಡುವಿನ ಈ ಬಹುದೊಡ್ಡ ಪ್ರದೇಶವನ್ನು ಕಾಯಲು ಪೊಲೀಸರನ್ನು ನಿಲ್ಲಿಸಲಾಗದು. ನಿಲ್ಲಿಸಿದರೆ ಅದು ಇನ್ನೊಂದು ಖರಕ್ ಸಿಂಗ್ ಪ್ರಕರಣವಾದೀತು. ಅಲ್ಲಿ ಕಾವಲಿಗಿರುವುದು ತಖ್ವಾ ಮಾತ್ರ. ಗುಮಾನಿ, ಗೂಢಚಾರಿಕೆ, ಪರದೂಷಣೆ ಮೂರನ್ನೂ ಸೂರಃ ಅಲ್ ಹುಜುರಾತ್ ಒಂದೇ ವಚನದಲ್ಲಿ ಜೊತೆಗಿಟ್ಟು ನಿಷೇಧಿಸಿರುವುದನ್ನು ನಾವು ಖುತ್ಬಾಗಳಲ್ಲಿ ಎಷ್ಟೋ ಬಾರಿ ಕೇಳಿದ್ದೇವೆ. ಖಾಲಾರ ಚಿತ್ರ ಆ ಮೂರರ ಕೈಯನ್ನೂ ದಾಟಿತು: ಇಣುಕಿ ನೋಡಿದವರಿದ್ದರು, ಶಂಕಿಸಿದವರಿದ್ದರು, ಬೆನ್ನ ಹಿಂದೆ ಆಡಿಕೊಂಡವರಿದ್ದರು. ಮೊದಲು ಹಾಕಿದವನ ಮನಸ್ಸಿನಲ್ಲಿ ಈ ಮೂರರಲ್ಲಿ ಒಂದೂ ಇರಲಿಲ್ಲವೆಂಬುದೇ ಈ ಪ್ರಕರಣದಲ್ಲಿ ಹೆಚ್ಚು ಭಯ ಹುಟ್ಟಿಸುವ ಸಂಗತಿ.

ತಾನು ಸರಿಯಾಗಿದ್ದರೂ ವಾದವನ್ನು ಬಿಟ್ಟುಕೊಡುವವನಿಗೆ ಸ್ವರ್ಗದ ಅಂಚಿನಲ್ಲಿ ಮನೆಯೊಂದರ ಭರವಸೆಯನ್ನು ಪ್ರವಾದಿ(ಸ) ನೀಡಿದ್ದಾರೆಂದು ಅಬೂದಾವೂದ್ ವರದಿ ಮಾಡಿದ್ದಾರೆ. ಇದನ್ನು ಕೆಲವರು ಅನ್ಯಾಯದೆದುರು ಮೌನವಿರುವಂತೆ ಹೇಳಿದ ಮಾತೆಂದು ಬಗೆಯುತ್ತಾರೆ. ನಮಗೆ ಹಾಗೆ ತೋರುವುದಿಲ್ಲ. ಖಾಲಾರ ಹೆಸರಿನ ತೊಡಕನ್ನು ಬಿಡಿಸಲು ಕಚೇರಿಗೆ ಹೋಗಿ ವಾದಿಸುವವರು ಬೇಕಾಗಿದ್ದರು. ಗುಂಪಿನ ಆ ರಾತ್ರಿಯ ವಾದವನ್ನು ಮಾತ್ರ, ಸಾಕ್ಷಿ ಜೇಬಿನಲ್ಲೇ ಇದ್ದರೂ, ಸೋತು ಬರಬಹುದಾಗಿತ್ತು. ಸೋತರೆ ಹುಡುಗನ ಮುಖವಷ್ಟೇ ಸಣ್ಣದಾಗುತ್ತಿತ್ತು.

ಆಮೇಲೆ ಆದದ್ದಿಷ್ಟು. ಹುಡುಗ ಚಿತ್ರಗಳನ್ನು ಅಳಿಸಿದ. ಎರಡನೆಯ ಗುಂಪಿನಲ್ಲಿ ನಮ್ಮವರಿಗೆ ಪರಿಚಯವಿದ್ದ ಒಬ್ಬರ ಮೂಲಕ ಅಲ್ಲಿಯೂ ತೆಗೆಸಲಾಯಿತು. ಅಲ್ಲಿಂದ ಮುಂದೆ ಎಲ್ಲಿಗೆ ಹೋಗಿವೆಯೋ ಯಾರೂ ಹೇಳಲಾರರು. ಶಿವಾಜಿನಗರದ ಪಟ್ಟಿಯಿಂದ ಹೆಸರು ತೆಗೆಸುವ ಅರ್ಜಿಯನ್ನು ಖಾಲಾ ತಾವೇ ಹೋಗಿ ಕೊಟ್ಟು ಬಂದರು. ಹುಡುಗ ರಜೆ ಹಾಕಿ ಅವರೊಂದಿಗೆ ಬಸ್ಸಿನಲ್ಲಿ ಹೋದ. ಈಗ ಭಾನುವಾರ ಅಸರ್ ನಮಾಝಿನ ನಂತರ ಅವನು ಮಸೀದಿಯ ಜಗಲಿಯಲ್ಲಿ ಕುಳಿತು ಅರ್ಜಿ ತುಂಬಿಕೊಡುತ್ತಾನೆ. ಆಧಾರ್ ಪ್ರತಿ ಬೇಕಾದ ಕಡೆ, ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಪ್ರತಿಯನ್ನು ಪ್ರಾಧಿಕಾರದ ಜಾಲತಾಣದಿಂದಲೇ ಇಳಿಸಿಕೊಳ್ಳಬಹುದೆಂದು ಬಂದವರಿಗೆ ತೋರಿಸುತ್ತಾನೆ, ಕೆಲಸ ಮುಗಿದ ಕೂಡಲೇ ಫೋನಿನಲ್ಲಿದ್ದ ಚಿತ್ರವನ್ನು ಅವರ ಎದುರಿಗೇ ಅಳಿಸುತ್ತಾನೆ. ಖಾಲಾ ಹೊಲಿಗೆ ಮುಂದುವರಿಸಿದ್ದಾರೆ. ಅಂಗಡಿಯ ಹಲಗೆಯ ಮೇಲಿದ್ದ ಫೋನ್ ನಂಬರಿನ ಮೇಲೆ ಬಣ್ಣ ಬಳಿಸಿದ್ದಾರೆ. ಗೊತ್ತಿಲ್ಲದ ಕರೆ ಬಂದರೆ ಮಗಳು ಎತ್ತಿ, ಯಾರೆಂದು ಹೆಸರು ಕೇಳಿಯೇ ಫೋನನ್ನು ತಾಯಿಯ ಕೈಗೆ ಕೊಡುತ್ತಾಳೆ.