ಕೈ ಊರದ ಏಳೋದು

ಹ್ವಾದ ವರ್ಷ ಶ್ರಾವಣ ಶುಕ್ರವಾರ ಬಾಜೂಮನಿ ವೈನಿ ಅರಿಷಿಣ ಕುಂಕುಮಕ್ಕ ಕರದಿದ್ರು. ಚಾಪಿ ಮ್ಯಾಲೆ ಕೂತಾಕಿ ಏಳಲಿಕ್ಕೆ ಹೋದ್ರ ಆಗವಲ್ಲದು! ಒಂದು ಕೈ ಖುರ್ಚಿ ಮ್ಯಾಲೆ, ಇನ್ನೊಂದು ಅವರ ಸೊಸಿ ಹೆಗಲ ಮ್ಯಾಲೆ ಇಟ್ಟು ಎದ್ದೆ. ಎಲ್ಲಾರೂ ನಕ್ಕರು, ನಾನೂ ನಕ್ಕೆ. ಮನಿಗೆ ಬಂದ ಮ್ಯಾಲೆ ಮಾತ್ರ ನಮ್ಮವ್ವ ನೆನಪಾದಳು. ಬಚ್ಚಲದಾಗ ಜಾರಿ ಬಿದ್ದು ಸೊಂಟದ ಎಲುಬು ಮುರಕೊಂಡಾಕಿ, ಮತ್ತ ತನ್ನ ಕಾಲ ಮ್ಯಾಲೆ ಅಂಗಳಕ್ಕ ಬರಲೇ ಇಲ್ಲ.

ಪಿಯುಸಿ ಓದುವಾಗ ನಾ 800 ಮೀಟರ್ ಓಡತಿದ್ದೆ. ಮದವಿ ಆದ ಮ್ಯಾಲೆ ಓಡಿದ್ದು ಅಂದ್ರ ಹಾಲು ಉಕ್ಕಿದಾಗ ಒಲಿ ಕಡೆ, ಅಷ್ಟ. ಮರುದಿವ್ಸನ ಮಗಳ ಬೂಟು ಹಾಕ್ಕೊಂಡು ಕರ್ನಾಟಕ ಕಾಲೇಜ್ ಮೈದಾನಕ್ಕ ಹೋದೆ. ಮನಸ್ಸಿಗೆ 17, ಮೊಣಕಾಲಿಗೆ 54! ದಿನಾ ಜೋರು ಓಡಿದ್ದಕ್ಕ ವಾರದಾಗ ಮೊಣಕಾಲು ಬಾತು ಕೂತ್ವು. ಮೂರು ವಾರ ಮನ್ಯಾಗ ಕೂತೆ. "ಈ ವಯಸ್ಸಿನ್ಯಾಗ ಬೇಕಿತ್ತೇನ?" ಅಂದ್ರು ನಮ್ಮನಿಯವರು.

ಫಿಜಿಯೊಥೆರಪಿ ಮಾಡೋ ಹುಡುಗಿ ಬ್ಯಾರೇನ ಹೇಳಿದಳು. "ಓಡೋದು ತಪ್ಪಲ್ಲ ಆಂಟಿ. ಮೊಣಕಾಲಿಗೆ ಆಸರ ಕೊಡೋವು ತೊಡಿ, ಕುಂಡಿ ಸ್ನಾಯು. ಅವು ಸೋತಾವ." ಮುಟ್ಟು ನಿಂತ ಮ್ಯಾಲೆ ಈಸ್ಟ್ರೊಜನ್ ಕಡಿಮಿ ಆಗಿ ಎಲುಬು ಲಗೂ ಸವೀತಾವ, ಸ್ನಾಯೂನೂ ಕರಗ್ತಾವ ಅಂತ ತಿಳಿಸಿ ಹೇಳಿದಳು. "ಕಸ, ಮುಸುರಿ, ಅರಿವಿ ಎಲ್ಲಾ ನಾನ ಮಾಡ್ತೀನಲ್ಲವಾ?" ಅಂದೆ. "ಅದರಿಂದ ದಣೀತೀರಿ, ಬಲ ಬರಂಗಿಲ್ಲ. ಬಲ ಬರಬೇಕಂದ್ರ ಎತ್ತೋ ಭಾರ ಸ್ವಲ್ಪ ಸ್ವಲ್ಪ ಹೆಚ್ಚಾಗಬೇಕು" ಅಂದಳು. ಖರೇನ ಅದ. ನಮ್ಮಜ್ಜಿ ಬೀಸತಿದ್ದಳು, ಕುಟ್ಟತಿದ್ದಳು, ಬಾವಿ ನೀರು ಸೇದತಿದ್ದಳು. ನಮಗ ಗಿರಣಿ ಅದ, ಮಿಕ್ಸರ್ ಅದ, ನಳ ಅದ.

ಈಗ ನಂದು ಹಿಂಗ ನಡದದ. ಸೋಮವಾರ, ಬುಧವಾರ, ಶನಿವಾರ ಓಟ. ಮೊದಲ ಒಂದು ಮಿನಿಟು ಓಡಿ ಎರಡು ಮಿನಿಟು ನಡೀತಿದ್ದೆ. ಈಗ 5 ಮಿನಿಟು ಓಡಿ ಒಂದು ಮಿನಿಟು ನಡೀತೀನಿ. ಓಡುವಾಗ ಬಾಜೂದಾಕಿ ಕೂಡ ಮಾತಾಡಲಿಕ್ಕೆ ಬರಬೇಕು. ಬರಲಿಲ್ಲಂದ್ರ ಜೋರಾತು ಅಂತ ತಿಳೀರಿ.

ಮಂಗಳವಾರ, ಶುಕ್ರವಾರ ಬಲದ ಕೆಲಸ. ವಾರಕ್ಕ 2 ದಿನರೆ ಇದು ಬೇಕಂತ ವಿಶ್ವ ಆರೋಗ್ಯ ಸಂಸ್ಥೇನೂ ಹೇಳ್ತದ. ಕೈ ಹಚ್ಚದ ಖುರ್ಚಿಯಿಂದ ಎದ್ದು ಕೂಡೋದು 10 ಸಲ, ಗ್ವಾಡಿ ಹಿಡಕೊಂಡು ಹಿಮ್ಮಡ ಎತ್ತೋದು 10 ಸಲ, ಗ್ವಾಡಿಗೆ ಕೈ ಕೊಟ್ಟು ದಂಡ ಹೊಡಿಯೋದು 10 ಸಲ. ಹಿಂಗ ಮೂರು ಸುತ್ತು. ಹಗುರ ಅನಸಲಿಕ್ಕೆ ಹತ್ತಿದ ಮ್ಯಾಲೆ 2 ಕಿಲೋ ಜ್ವಾಳದ ಹಿಟ್ಟಿನ ಚೀಲ ಎದಿಗೆ ಅವಚಿಕೊಂಡು ಎದ್ದೆ. ಈಗ 5 ಕಿಲೋ. ಗುರುವಾರ, ರವಿವಾರ ಆರಾಮ. ಸ್ನಾಯು ಗಟ್ಟಿ ಆಗೋದು ವಿಶ್ರಾಂತಿಯೊಳಗಂತ.

ಖರೆ ಹೇಳಲೇನ? ಓಡೋದು ಖುಷಿ, ಇದು ಬ್ಯಾಸರ. ದೀಪಾವಳಿ ಗದ್ದಲದಾಗ ಎರಡು ವಾರ ಬಲದ ಕೆಲಸ ಬಿಟ್ಟು ಬರೇ ಓಡಿದೆ. ಮೊಣಕಾಲು ಮತ್ತ ಚುಚ್ಚಲಿಕ್ಕೆ ಹತ್ತಿತು. ಅವತ್ತಿಂದ ಓಟ ಒಂದು ದಿನ ತಪ್ಪಿದ್ರೂ ಇದನ್ನ ತಪ್ಪಸಂಗಿಲ್ಲ.

ಈ ಶ್ರಾವಣದಾಗ ವೈನಿ ಮನ್ಯಾಗ ಉಡಿ ತುಂಬಿಸ್ಕೊಂಡು, ಎರಡೂ ಕೈಲೆ ಸೆರಗು ಹಿಡಕೊಂಡ ಎದ್ದೆ. ಅವ್ವಗ ಇದನ್ನ ಯಾರರೆ ಹೇಳಿಕೊಟ್ಟಿದ್ರ ಅನಿಸಿ ಕಣ್ಣು ತುಂಬಿ ಬಂತು.

ಬಿಪಿ, ಮೊಣಕಾಲು ಬ್ಯಾನಿ ಇದ್ದವರು ಮೊದಲ ಡಾಕ್ಟರಿಗೆ ತೋರಸ್ರಿ. ಉಳದವರು ಇವತ್ತ ಖುರ್ಚಿಯಿಂದ ಕೈ ಊರದ ಒಮ್ಮೆ ಎದ್ದು ನೋಡ್ರಿ. ಸೋಮವಾರ ಬೆಳಿಗ್ಗೆ 6ಕ್ಕ ನಾ ಮೈದಾನದಾಗ ಇರ್ತೀನಿ, ಬರ್ರಿ.