ನಂಜಿನ ಪಟ್ಟಿ

ನಮ್ಮ ಕಡೆ, ಎಂದರೆ ತುಂಗೆಯ ಇಕ್ಕೆಲದ ಅಡಕೆಯ ಸೀಮೆಯಲ್ಲಿ, 'ನಂಜು' ಎಂಬುದೊಂದು ಶಬ್ದವುಂಟು. ವಿಷವೆಂಬ ಅದರ ನಿಘಂಟಿನ ಅರ್ಥವನ್ನಷ್ಟೇ ಬಲ್ಲವರು ಆ ಶಬ್ದದ ಕಾಲುಪಾಲನ್ನು ಮಾತ್ರ ಬಲ್ಲರು. ಬದನೆಕಾಯಿಯನ್ನು ವಿಷವೆಂದು ಯಾರೂ ಹೇಳುವುದಿಲ್ಲ, ಪಂಕ್ತಿಯಲ್ಲಿ ಅದರ ಪಲ್ಯ ಎರಡನೆಯ ಸಲ ಬಂದಾಗ ಎಲೆಗೆ ಕೈ ಅಡ್ಡ ಹಿಡಿಯುವವರೂ ಕಡಮೆ. ಆದರೆ ಕಾಲಿಗೆ ಮುಳ್ಳು ಚುಚ್ಚಿ ಕೀವಾದವನಿಗೆ, ಹಸಿಮೈಯ ಬಾಣಂತಿಗೆ, ಮೈಮೇಲೆ ತುರಿಯೆದ್ದ ಕೂಸಿಗೆ, ಅದೇ ಬದನೆಕಾಯಿ ನಂಜು. ವಸ್ತುವಿಗೂ ವ್ರಣಕ್ಕೂ ನಡುವಣ ಒಂದು ಪುರಾತನ ಹಗೆತನದ ಹೆಸರೇ ನಂಜೆಂದು ನಾನು ತಿಳಿದುಕೊಂಡಿದ್ದೇನೆ.

ಈ ಶಾಸ್ತ್ರದಲ್ಲಿ ನಮ್ಮ ಮನೆಯ ಸರ್ವಾಧಿಕಾರಿಣಿ ನನ್ನ ಸೋದರತ್ತೆ. ಎಂಬತ್ತಾರು ವರ್ಷದ ಈಕೆ ಅರುವತ್ತೆಂಟು ವರ್ಷದ ನನ್ನನ್ನು ಇಂದಿಗೂ 'ಮಾಣೀ' ಎಂದು ಕರೆಯುವವಳಾದ್ದರಿಂದ, ಮೂವತ್ತಮೂರು ವರ್ಷ ಶಾಲೆಯಲ್ಲಿ ಪಾಠ ಹೇಳಿ ನಾನು ಸಂಪಾದಿಸಿದ ಪಾಂಡಿತ್ಯಕ್ಕೆ ಆಕೆಯ ಸನ್ನಿಧಿಯಲ್ಲಿ ಯಾವ ಬೆಲೆಯೂ ಇಲ್ಲ.

ಮೊಮ್ಮಗಳು ಐದನೆಯ ತಿಂಗಳಲ್ಲಿ ತಾಯಿಯ ಸಂಗಡ ಬೆಂಗಳೂರಿನಿಂದ ಬಂದಾಗ ಅವಳ ಕೆನ್ನೆಗಳೆರಡೂ ಕೆಂಪಗಿದ್ದುವು. ಅದನ್ನು ಮೈಬಣ್ಣದ ಸೊಗಸೆಂದು ಭಾವಿಸಿ ನಾವೆಲ್ಲರೂ ಒಂದು ವಾರ ಹಿಗ್ಗಿದೆವು. ಎರಡನೆಯ ವಾರ ಆ ಕೆಂಪು ಬಿರಿದು ನೀರು ಒಸರಿತು, ಮೂರನೆಯ ವಾರ ಹಕ್ಕಳೆ ಕಟ್ಟಿತು, ತಿಂಗಳು ಕಳೆಯುವಷ್ಟರಲ್ಲಿ ಮೊಣಕೈ, ಮೊಣಕಾಲು, ಕುತ್ತಿಗೆಯ ಮಡಿಕೆಗಳಿಗೂ ಇಳಿಯಿತು. ಇಸಬು ಎಂದಳು ಅತ್ತೆ. ಎಕ್ಸಿಮಾ ಎಂದಳು ಮಗಳು. ನಾನಾದರೋ, ಇಂಥ ಸಂದರ್ಭಗಳಲ್ಲಿ ನಿರುಪಯೋಗಿಯಾದ ಮನುಷ್ಯನು ಮಾಡುವಂತೆ, ಪುಸ್ತಕಗಳನ್ನು ತೆರೆದು ಕುಳಿತೆ. ಚರಕಸಂಹಿತೆಯು ಕುಷ್ಠಗಳನ್ನು 18 ಬಗೆಯಾಗಿ ವಿಂಗಡಿಸಿ, 7ನ್ನು ಮಹಾಕುಷ್ಠಗಳೆಂದೂ 11ನ್ನು ಕ್ಷುದ್ರಕುಷ್ಠಗಳೆಂದೂ ಕರೆದು, ಆ ಕ್ಷುದ್ರವರ್ಗದಲ್ಲಿ ತುರಿಕೆಯೂ ಬಹುಸ್ರಾವವೂ ಉಳ್ಳ ವಿಚರ್ಚಿಕೆಗೆ ಸ್ಥಾನ ಕೊಡುತ್ತದೆ. ಎಕ್ಸಿಮಾ ಎಂಬ ಗ್ರೀಕ್ ಮೂಲದ ಶಬ್ದಕ್ಕಾದರೂ ಕುದಿದು ಉಕ್ಕುವುದೆಂದೇ ಅರ್ಥ. ಸಮುದ್ರಗಳಾಚೆ ಈಚೆ ಇದ್ದ ಇಬ್ಬರು ಪ್ರಾಚೀನ ವೈದ್ಯರ ಕಣ್ಣಿಗೆ ಕೂಸಿನ ಕೆನ್ನೆಯ ಮೇಲಿನ ಅದೇ ಒಸರು ಬಿದ್ದಿತ್ತೆಂಬುದು ನನಗೆ ಬಹಳ ರಮ್ಯವಾಗಿ ತೋರಿತು. ಕೂಸಿಗೆ ಅದರಿಂದ ಯಾವ ಪ್ರಯೋಜನವೂ ಆಗಲಿಲ್ಲ.

ರಾತ್ರಿಗಳನ್ನು ಕುರಿತು ಹೆಚ್ಚು ಬರೆಯಲಾರೆ. ಮಾತು ಬಾರದ ಕೂಸು ತುರಿಕೆಯಿಂದ ಎಚ್ಚೆತ್ತು, ಅಳುವುದಕ್ಕೂ ಮೊದಲು, ಕೆನ್ನೆಯನ್ನು ತಾಯಿಯ ಹೆಗಲಿಗೆ ಉಜ್ಜಿ ಉಜ್ಜಿ ಹಸಿ ಮಾಡಿಕೊಳ್ಳುತ್ತಿತ್ತು. ಅದರ ಕೈಗಳಿಗೆ ಕಾಲುಚೀಲ ತೊಡಿಸಿ ಮಲಗಿಸುತ್ತಿದ್ದೆವು. ಬೆಳಗಾಗುವಾಗ ಹಾಸಿಗೆಯ ಬಿಳಿ ಬಟ್ಟೆಯ ಮೇಲೆ ಸಾಸಿವೆಯಷ್ಟು ಸಾಸಿವೆಯಷ್ಟು ರಕ್ತದ ಚುಕ್ಕೆಗಳಿರುತ್ತಿದ್ದುವು.

ಆಗ ಪ್ರಾರಂಭವಾದುದು ಪಥ್ಯ. ಕೂಸು ಇನ್ನೂ ಎದೆಹಾಲು ಕುಡಿಯುತ್ತಿದ್ದುದರಿಂದ ಮೊದಲ ಪಟ್ಟಿ ತಾಯಿಯ ಪಾಲಿಗೆ ಬಂದಿತು: ಬದನೆ, ಸಿಹಿಗುಂಬಳ, ಕೆಸು, ಹಲಸು, ಶೇಂಗಾ. ಅನ್ನಪ್ರಾಶನವಾದ ಮೇಲೆ ಪಟ್ಟಿ ಕೂಸಿನ ಹೆಸರಿಗೆ ವರ್ಗವಾಗಿ, ವರ್ಗವಾದ ಆಸ್ತಿ ಬೆಳೆಯುವ ಹಾಗೆ ತಾನೂ ಬೆಳೆಯಿತು. ಉದ್ದು ಸೇರಿತು, ಹುಳಿ ಸೇರಿತು, ಮೊಸರು ಸೇರಿತು. ಒಂದು ದಿನ ಹಾಲು ಕುಡಿದ ಮರುದಿನ ಮೈ ಕೆಂಪಾಯಿತೆಂದು ಹಾಲು ಹೋಯಿತು. ಗೋಧಿಯ ವಿಷಯದಲ್ಲಿ ಮಗಳಿಗೆ ಸ್ನೇಹಿತೆಯೊಬ್ಬಳು ಏನನ್ನೋ ಹೇಳಿದಳೆಂದು, ಅತ್ತೆಯ ಶಾಸ್ತ್ರದಲ್ಲಿ ಯಾವ ಆಧಾರವೂ ಇಲ್ಲದ ಗೋಧಿಯೂ ಹೋಯಿತು. ಹೀಗೆ ಹಳೆಯ ಕಾಲದ ನಂಜೂ ಹೊಸ ಕಾಲದ ಅಲರ್ಜಿಯೂ ಒಂದರ ಕೈಯನ್ನೊಂದು ಹಿಡಿದು ನಮ್ಮ ಅಡಿಗೆಮನೆಯನ್ನು ಪ್ರವೇಶಿಸಲಾಗಿ, ಆ ಕೂಸಿನ ಬಟ್ಟಲಿನಲ್ಲಿ ಕೊನೆಗೆ ಉಳಿದುದು ಹಳೆಯಕ್ಕಿಯ ಗಂಜಿ, ಹೆಸರುಬೇಳೆಯ ಕಟ್ಟು, ಪಡುವಲ, ಸೋರೆ ಮತ್ತು ರಾಗಿಯ ಮಣ್ಣಿ.

ನಡುವೆ ಮಾಡಿದುದು ಇನ್ನೂ ಎಷ್ಟೋ ಇದೆ. ಬೇವಿನೆಲೆ ಕುದಿಸಿದ ನೀರಿನ ಸ್ನಾನವಾಯಿತು. ಚರ್ಮದ ಬೇನೆಯೆಂದರೆ ನಾಗನ ಕಡೆಗೆ ಮನಸ್ಸು ಹೊರಳುವುದು ನಮ್ಮ ಸೀಮೆಯಲ್ಲಿ ಸಹಜವಾದುದರಿಂದ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತು ಮೃತ್ತಿಕೆಯ ಪ್ರಸಾದವನ್ನು ತಂದದ್ದಾಯಿತು. ಅದರ ವಿಷಯದಲ್ಲಿ ನಗುವ ಅಧಿಕಾರ ನನಗಿಲ್ಲ, ಏಕೆಂದರೆ ಸರದಿಯ ಸಾಲಿನಲ್ಲಿ ಎರಡು ಗಂಟೆ ನಿಂತವನು ನಾನೇ. ಪಕ್ಕದ ಮನೆಯವರು ಪಿತ್ತದ ಗಂಧೆಗೆ ಮಾಡುವಂತೆ ದೊಡ್ಡಪತ್ರೆಯ ರಸ ಹಚ್ಚಿ ಕಂಬಳಿಯಿಂದ ತಿಕ್ಕಬೇಕೆಂದಾಗ ಮಾತ್ರ ಮಗಳು ಕೂಸನ್ನೆತ್ತಿಕೊಂಡು ಒಳಕೋಣೆಯ ಅಗುಳಿ ಹಾಕಿಕೊಂಡಳು.

ಅಂಗನವಾಡಿಯ ಕಾರ್ಯಕರ್ತೆ ಕೂಸನ್ನು ತೂಗಿ, ತಾಯಿ ಕಾರ್ಡಿನಲ್ಲಿ ಚುಕ್ಕೆಯಿಟ್ಟು, ಹಿಂದಿನ ಚುಕ್ಕೆಗೂ ಅದಕ್ಕೂ ಗೆರೆಯೆಳೆದು, ಏನೂ ಹೇಳದೆ ಆ ಕಾರ್ಡನ್ನು ನಮ್ಮ ಕಡೆಗೆ ತಿರುಗಿಸಿದ್ದು ಕೂಸಿಗೆ ಒಂದು ವರ್ಷ ಎರಡು ತಿಂಗಳಾಗಿದ್ದಾಗ. ನಾಲ್ಕು ತಿಂಗಳಿನಿಂದ ತೂಕ ಏರಿರಲಿಲ್ಲ; ಹಸಿರು ಪಟ್ಟೆಯೊಳಗೆ ಓಡುತ್ತಿದ್ದ ಗೆರೆ ಹಳದಿಗೆ ಇಳಿದಿತ್ತು. ತುರಿಯಾದರೋ ಎಳ್ಳಷ್ಟೂ ತಗ್ಗಿರಲಿಲ್ಲ.

ಶಿವಮೊಗ್ಗದ ಚರ್ಮವೈದ್ಯರು ಕೂಸನ್ನು ನೋಡುವುದಕ್ಕೆ ಐದು ನಿಮಿಷವನ್ನೂ ನಮ್ಮ ದಿನಚರಿಯನ್ನು ಕೇಳುವುದಕ್ಕೆ ಅರ್ಧ ಗಂಟೆಯನ್ನೂ ತೆಗೆದುಕೊಂಡರು. "ನಿಮ್ಮ ಮನೆಯ ಗೋಡೆ ಯಾವುದರದ್ದು?" ಎಂದು ಅವರು ಕೇಳಿದಾಗ ನನಗೆ ಮೊದಲು ಅರ್ಥವಾಗಲಿಲ್ಲ. ಜಂಬಿಟ್ಟಿಗೆಯದೆಂದೆ. ಕಲ್ಲು ಗಟ್ಟಿಯಾಗಿದ್ದು ಸಂದಿನ ಗಾರೆ ಉದುರಿದರೆ ಒಳಗಿನ ಬಿಸುಪು ಹೊರಗೆ, ಹೊರಗಿನ ಇರುವೆ ಒಳಗೆ ಹೋಗುವುದಷ್ಟೆ. ಈ ಮಗುವಿನ ಚರ್ಮ ಅಂಥ ಗೋಡೆ, ತನ್ನ ನೀರನ್ನು ತಾನು ಹಿಡಿದಿಟ್ಟುಕೊಳ್ಳಲಾರದು ಎಂದರು. ಚರ್ಮದ ಹೊರಪದರವನ್ನು ಬಿಗಿದು ಕಟ್ಟುವ ಫಿಲಾಗ್ರಿನ್ ಎಂಬ ಸಸಾರಜನಕವೊಂದುಂಟೆಂದೂ, ಅದರ ಜೀನಿನಲ್ಲಿನ ಲೋಪವು ಈ ವ್ಯಾಧಿಗೆ ಒಂದು ಬಲವಾದ ಕಾರಣವೆಂಬುದನ್ನು ಸ್ಕಾಟ್‌ಲೆಂಡಿನ ಡಂಡೀ ವಿಶ್ವವಿದ್ಯಾಲಯದ ವಿಜ್ಞಾನಿಗಳು 2006ರಲ್ಲಿ ತೋರಿಸಿದರೆಂದೂ ವಿವರಿಸಿದರು. ಆ ಬಳಿಕ ನಮ್ಮ ಬಚ್ಚಲುಮನೆಯ ವಿಚಾರಣೆ ನಡೆಯಿತು. ಹಂಡೆಯಿಂದ ಹೊಗೆಯಾಡುವ ನೀರು, ಕಡಲೆಹಿಟ್ಟಿನಿಂದ ಗಸಗಸನೆ ತಿಕ್ಕುವುದು, ಮಿಂದ ಮೇಲೆ ಸಾಂಬ್ರಾಣಿಯ ಹೊಗೆ, ತಲೆಗೆ ಉಣ್ಣೆಯ ಕುಲಾವಿ. ಯಾವ ನಾಲ್ಕು ಉಪಚಾರಗಳಿಂದ ನಾವು ಕೂಸನ್ನು ಅತ್ಯಂತ ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದೇವೆಂದು ಭ್ರಮಿಸಿದ್ದೆವೋ, ಆ ನಾಲ್ಕೂ ಗಾರೆಯನ್ನು ಉದುರಿಸುವ ಕೆಲಸಗಳೇ ಆಗಿದ್ದುವು.

ಪಟ್ಟಿಯ ಸರದಿ ಕೊನೆಗೆ ಬಂದಿತು. ಕೆಲವು ಮಕ್ಕಳಿಗೆ ಹಾಲೋ ಮೊಟ್ಟೆಯೋ ಶೇಂಗಾವೋ ನಿಜವಾಗಿಯೂ ಆಗದು, ಅದನ್ನು ಪರೀಕ್ಷಿಸಿ ತಿಳಿಯಬೇಕೇ ಹೊರತು ಊಹಿಸಿ ಬಿಡಿಸಬಾರದು ಎಂದ ವೈದ್ಯರು ಪರೀಕ್ಷೆಗಳನ್ನೂ ಮಾಡಿಸಿದರು. ಹಾಲಿನ ವಿಷಯದಲ್ಲಾಗಲಿ ಶೇಂಗಾದ ವಿಷಯದಲ್ಲಾಗಲಿ ದೋಷವೇನೂ ಕಾಣಲಿಲ್ಲ. ಲಂಡನ್ನಿನಲ್ಲಿ, ಇಂಥ ಇಸಬು ವಿಪರೀತವಾಗಿದ್ದ ಇಲ್ಲವೇ ಮೊಟ್ಟೆ ಆಗದಿದ್ದ 640 ಕೂಸುಗಳಲ್ಲಿ ಕೆಲವಕ್ಕೆ ವರ್ಷ ತುಂಬುವ ಮೊದಲೇ ಶೇಂಗಾ ತಿನ್ನಿಸುತ್ತಲೂ ಉಳಿದವಕ್ಕೆ ಬಿಡಿಸುತ್ತಲೂ ಬಂದು, ಐದನೆಯ ವರ್ಷದಲ್ಲಿ ನೋಡಲಾಗಿ ಶೇಂಗಾದ ಅಲರ್ಜಿ ತಿಂದವರಿಗಿಂತ ಬಿಟ್ಟವರಲ್ಲಿಯೇ ಎಷ್ಟೋ ಪಾಲು ಹೆಚ್ಚಾಗಿತ್ತೆಂಬ ವರದಿ 2015ರಲ್ಲಿ ಪ್ರಕಟವಾಯಿತಂತೆ. ಇದನ್ನು ಕೇಳುತ್ತಿದ್ದಾಗ ನನಗೆ ನಾಚಿಕೆಯಾಯಿತು. ಕೂಸಿನ ಬೇನೆಗೆ ನಾವು ಏನನ್ನಾದರೂ ಮಾಡಬೇಕಾಗಿತ್ತು. ಮಾಡುವುದಕ್ಕೆ ಏನೂ ತೋಚದಿದ್ದುದರಿಂದ ಒಂದೊಂದನ್ನೇ ಬಿಡಿಸುತ್ತ ಬಂದಿದ್ದೆವು. ಪಥ್ಯ ಮಾಡಿದವಳು ಕೂಸು, ಸಮಾಧಾನ ಹೊಂದುತ್ತಿದ್ದವರು ನಾವು.

ಬರೆದುಕೊಟ್ಟ ಚಿಕಿತ್ಸೆ ಎಷ್ಟು ಸಪ್ಪೆಯಾಗಿತ್ತೆಂದರೆ ಅತ್ತೆಗೆ ಅದರಲ್ಲಿ ನಂಬಿಕೆ ಹುಟ್ಟಲೇ ಇಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷದ ಸ್ನಾನ, ಮೈಯ ತೇವ ಆರುವ ಮೊದಲೇ ಮುಲಾಮು ಲೇಪಿಸಿ, ಹಗಲಿನಲ್ಲಿ ಮತ್ತೆರಡು ಸಲ ಹಚ್ಚುವುದು, ಹತ್ತಿಯ ಬಟ್ಟೆ, ಉಗುರನ್ನು ಚಿಕ್ಕದಾಗಿ ಕತ್ತರಿಸುವುದು, ಉರಿ ಹೆಚ್ಚಿದ ದಿನಗಳಲ್ಲಿ ಮಾತ್ರ ಸ್ಟಿರಾಯ್ಡಿನ ಮೃದುವಾದ ಮುಲಾಮು, ದೊಡ್ಡವರ ತೋರುಬೆರಳ ತುದಿಯ ಗೆಣ್ಣಿನುದ್ದ ಹಿಂಡಿದರೆ ಎರಡು ಅಂಗೈಯಗಲಕ್ಕೆ ಸಾಕು ಎಂಬ ಲೆಕ್ಕದಲ್ಲಿ. ಸ್ಟಿರಾಯ್ಡೆಂಬ ಹೆಸರಿಗೆ ಹೆದರಿ ಮಗಳು ಮೊದಲ ವಾರ ಅಕ್ಕಿಕಾಳಿನಷ್ಟು ಹಚ್ಚಿ, ಗುಣವಾಗಲಿಲ್ಲವೆಂದು ದೂರಿದಳು. ಮನೆಯ ಕೊಬ್ಬರಿ ಎಣ್ಣೆಗೆ ವೈದ್ಯರ ಆಕ್ಷೇಪಣೆಯಿರಲಿಲ್ಲ. ವಿದೇಶದ ನೆಂಟರು ಮಗುವಿಗೆಂದೇ ಕಳುಹಿಸಿದ್ದ ಆಲಿವ್ ಎಣ್ಣೆಯನ್ನು ಮಾತ್ರ ಅಡಿಗೆಗೆ ಬಳಸಿ ಎಂದರು, ಅದು ಎಳೆಯ ಚರ್ಮದ ಗಾರೆಯನ್ನು ಇನ್ನಷ್ಟು ಸಡಿಲಿಸುವುದಂತೆ. ಈ ಒಂದು ತೀರ್ಪಿನಿಂದಾಗಿ ಅತ್ತೆಯ ದೃಷ್ಟಿಯಲ್ಲಿ ಆ ವೈದ್ಯರ ಘನತೆ ತುಸು ಏರಿತು.

ಹಾಗೆ ಏರಿದ ಮೇಲೆಯೇ ಆಕೆ ತನ್ನ ಗುಟ್ಟೊಂದನ್ನು ಹೊರಗೆ ತೆಗೆದದ್ದು. "ಮಾಣೀ, ಹಚ್ಚೂದೇ ಮದ್ದು ಅಂತಾದ್ರೆ, ತೊಳೆದ ತುಪ್ಪ ಯಾಕಾಗ್ಬಾರ್ದು? ಕೇಳು ಆ ಡಾಕ್ಟ್ರನ್ನ" ಎಂದಳು. ಗ್ರಂಥಗಳಲ್ಲಿ ಶತಧೌತ ಘೃತವೆಂದು ಹೇಳುವುದು ಅದನ್ನೇ. ಒಸರುವ ಗಾಯಕ್ಕೆ ಬೇಡ, ಒಣಗಿದ ಕಡೆ ಚೂರು ಹಚ್ಚಿ ನೋಡಬಹುದೆಂದು ಫೋನಿನಲ್ಲಿ ಅಪ್ಪಣೆಯಾಯಿತು. ಅಟ್ಟದ ಮೇಲಿದ್ದ ತಾಮ್ರದ ಪರಾತ ಹುಣಿಸೆಹಣ್ಣಿನಿಂದ ಬೆಳಗಿಸಿಕೊಂಡು ಕೆಳಗಿಳಿಯಿತು. ಕಾಲು ಕಿಲೋ ಹಸುವಿನ ತುಪ್ಪವನ್ನು ಅದರಲ್ಲಿ ಹಾಕಿ, ಬಾವಿಯ ತಣ್ಣೀರನ್ನು ಹೊಯ್ದು, ಅಂಗೈಯಿಂದ ವೃತ್ತಾಕಾರವಾಗಿ ಉಜ್ಜುವುದು. ನೀರು ಮಾಸಿದೊಡನೆ ಚೆಲ್ಲಿ ಹೊಸ ನೀರು ಹೊಯ್ಯುವುದು. ಹೀಗೆ ನೂರು ಸಲ. ಲೆಕ್ಕ ತಪ್ಪದಿರಲೆಂದು ಅತ್ತೆ ನೂರು ಒಣ ಅಡಕೆಗಳನ್ನು ಎಡಗಡೆ ರಾಶಿಮಾಡಿ, ನೀರು ಚೆಲ್ಲಿದಾಗಲೊಮ್ಮೆ ಒಂದನ್ನು ಬಲಗಡೆಗೆ ಸರಿಸುವ ಅಧಿಕಾರವನ್ನು ತನ್ನಲ್ಲಿಟ್ಟುಕೊಂಡಳು. ಉಜ್ಜುವ ಕೆಲಸ ನಮಗೆ ಮೂವರಿಗೆ. ಮೊದಲ ಹತ್ತರಲ್ಲಿ ತುಪ್ಪ ಹರಳು ಹರಳಾಗಿ ಕೈಗೆ ಅಂಟದೆ ಜಾರಿತು. ಮೂವತ್ತರ ಹೊತ್ತಿಗೆ ಹಳದಿ ಬಿಟ್ಟು ಬೆಳ್ಳಗಾಗತೊಡಗಿತು. ಅರುವತ್ತರಲ್ಲಿ ಕರೆಂಟು ಹೋಯಿತು, ಲಾಟೀನು ಬಂದಿತು. ನನ್ನ ಮನೆಯಾಕೆ ಮಣಿಕಟ್ಟು ಹಿಡಿಯಿತೆಂದು ಎದ್ದಳು. ತೊಂಬತ್ತರ ಸುಮಾರಿಗೆ ಪರಾತದಲ್ಲಿದ್ದುದು ತುಪ್ಪದ ವಾಸನೆಯನ್ನೂ ಬಹುಮಟ್ಟಿಗೆ ಕಳೆದುಕೊಂಡು, ಹೊಸ ಬೆಣ್ಣೆಗಿಂತ ಬೆಳ್ಳಗೆ, ಬೆಣ್ಣೆಗಿಂತ ಹಗುರಾಗಿ, ಮುಟ್ಟಿದರೆ ಬಾವಿಯ ತಂಪನ್ನೇ ಹಿಡಿದುಕೊಂಡಿರುವ ಬೇರೊಂದು ಪದಾರ್ಥವಾಗಿತ್ತು. ರಾತ್ರಿ ಹನ್ನೊಂದಕ್ಕೆ ನೂರನೆಯ ಅಡಕೆ ಬಲಗಡೆಗೆ ಸರಿಯಿತು.

ಆ ರಾತ್ರಿ ಕೂಸು ಒಂದೇ ಸಲ ಎದ್ದಿತು. ತುಪ್ಪದ ಮಹಿಮೆಯೋ, ಮೂರು ವಾರದಿಂದ ತಪ್ಪದೆ ನಡೆದಿದ್ದ ಮುಲಾಮಿನ ಫಲವೋ, ಮಳೆ ಬಂದು ಹವೆ ತಂಪಾಗಿದ್ದುದೋ, ನಿರ್ಣಯಿಸಲು ನನ್ನಿಂದಾಗದು. ವೈದ್ಯರನ್ನು ಕೇಳಿದರೆ ಅವರೂ ನಕ್ಕು, ಯಾವ ಜಿಡ್ಡಾದರೂ ದಿನಕ್ಕೆ ಮೂರು ಸಲ ಹಚ್ಚುವ ಕೈ ಬೇಕಲ್ಲ ಎಂದರು. ನನ್ನ ಮಟ್ಟಿಗೆ ಹೇಳುವುದಾದರೆ, ಒಂದು ವರ್ಷ ಆ ಕೂಸಿನ ಬಾಯಿಯನ್ನು ಕಾಯ್ದ ಮನೆ ಅಂದು ಸಂಜೆಯಿಂದ ಅದರ ಮೈಯನ್ನು ಕಾಯತೊಡಗಿತು. ಹಾಲು ಬಂದಿತು, ಮೊಸರು ಬಂದಿತು, ಶೇಂಗಾ ಪುಡಿಯಾಗಿ ಗಂಜಿಯೊಳಗೆ ಬಂದಿತು. ಆರು ತಿಂಗಳಲ್ಲಿ ಕಾರ್ಡಿನ ಗೆರೆ ಹಸಿರಿಗೆ ಮರಳಿತು. ಬೇನೆ ಪೂರ್ತಿ ಹೋಗಿಲ್ಲ. ಪುಷ್ಯಮಾಸದ ಒಣ ಚಳಿಯಲ್ಲೊಮ್ಮೆ, ಬೇಸಗೆಯ ಬೆವರಿನಲ್ಲೊಮ್ಮೆ ಮೊಣಕೈಯ ಮಡಿಕೆಯಲ್ಲಿ ತಲೆಯೆತ್ತುತ್ತದೆ. ಬೆಳೆದಂತೆ ಹೆಚ್ಚಿನ ಮಕ್ಕಳಿಗೆ ತಗ್ಗುವುದೆಂಬ ಭರವಸೆಯಿದೆ.

ಪಟ್ಟಿಯಲ್ಲಿ ಕೊನೆಗೆ ಉಳಿದುದು ಹಲಸಿನಹಣ್ಣು; ಅದನ್ನು ಬಿಟ್ಟುಕೊಡಲು ಅತ್ತೆ ಸಿದ್ಧಳಿರಲಿಲ್ಲ. ಕಳೆದ ವೈಶಾಖದಲ್ಲಿ, ಮೂರು ತುಂಬಿದ ಮೊಮ್ಮಗಳು ಕತ್ತಿಯ ಎದುರಿಗೇ ಕುಕ್ಕುರುಗಾಲಿನಲ್ಲಿ ಕುಳಿತು ಕಣ್ಣು ಕೀಳದೆ ನೋಡುತ್ತಿದ್ದುದನ್ನು ತಾಳಲಾರದೆ ಒಂದು ತೊಳೆಯನ್ನು ಬೀಜ ಬಿಡಿಸಿ ಸಿಗಿದು ಕೊಟ್ಟಳು. ಮರುದಿನ ಮೊಣಕೈ ಕೆಂಪಾಗಿತ್ತು. "ನೋಡಿದ್ಯಾ ಮಾಣೀ, ನಂಜು" ಎಂದಳು. ಸೆಖೆ ಎಂದೆ ನಾನು. ವಾದ ಅಲ್ಲಿಗೇ ನಿಂತಿತು. ಅಂದು ಮಧ್ಯಾಹ್ನ ಅಂಗಳದಲ್ಲಿ ಮತ್ತೊಂದು ಹಣ್ಣು ಕೊಯ್ಯುವಾಗ ಕೂಸು ಪುನಃ ಅಲ್ಲಿಯೇ ಹಾಜರಿತ್ತು. ಅತ್ತೆ ನನ್ನ ಕಡೆ ನೋಡದೆ ಎರಡನೆಯ ತೊಳೆಯನ್ನು ಸಿಗಿದು ಅದರ ಬಾಯಿಗಿಟ್ಟು, ಮೇಣ ಹತ್ತದಿರಲೆಂದು ಕೈಗೆ ಸವರಿಕೊಂಡಿದ್ದ ಕೊಬ್ಬರಿ ಎಣ್ಣೆಯಲ್ಲಿ ಉಳಿದಷ್ಟನ್ನು ಮೊಣಕೈಯ ಮಡಿಕೆಗೆ ಒರೆಸಿ, ಮುಂದಿನ ಸೀಳಿಗೆ ಕತ್ತಿ ಹಾಕಿದಳು.