ಲಲಿತಾಂಬಾನ ಆಟ

'ಸಿಲ್ಲಿ ಲಲ್ಲಿ' ಧಾರಾವಾಹಿಯ ಹೆಸರಿನಲ್ಲಿರುವವಳು ಲಲ್ಲಿ. ನಮ್ಮೂರ ಹೆಣ್ಣುಮಕ್ಕಳು ಮಾತ್ರ ಅದನ್ನು ಒಂದು ದಿನವೂ ಆ ಹೆಸರಿನಿಂದ ಕರೆಯಲಿಲ್ಲ. "ಲಲಿತಾಂಬಾನ ಆಟ ಚಾಲೂ ಆತೇನ?" ಎಂದೇ ಕೇಳುತ್ತಿದ್ದರು. ಶಿವಯೋಗ ಮಂದಿರಕ್ಕೆ ನಡೆದು ಹೋಗುವಷ್ಟು ಸಮೀಪದಲ್ಲಿ, ಮಲಪ್ರಭೆಯ ದಂಡೆಗಿರುವ ಊರು ನಮ್ಮದು. ಮಾಳಿಗೆಯ ಮೇಲೊಂದು ಆ್ಯಂಟೆನಾ ನೆಟ್ಟರೆ ದೂರದರ್ಶನ ಬರುತ್ತಿತ್ತು. 2000ದ ಡಿಸೆಂಬರಿನಲ್ಲಿ ಶುರುವಾದ ಈಟಿವಿ ಕನ್ನಡ ಬೇಕೆಂದರೆ ಛತ್ರಿ, ಅಂದರೆ ಡಿಶ್ ಆ್ಯಂಟೆನಾ, ಬೇಕು. ಛತ್ರಿ ಇದ್ದ ಮನೆಯ ಪಡಸಾಲೆಯೇ ನಮ್ಮ ಥೇಟರು. ರೊಟ್ಟಿ ಬಡಿದು, ಗಂಡಸರಿಗೆ ಬಡಿಸಿ, ಮುಸುರೆಯನ್ನು ಹಾಗೇ ಬಿಟ್ಟು ಓಣಿಯ ಹೆಂಗಸರೆಲ್ಲ ಬಂದು ಕೂಡುತ್ತಿದ್ದರು. ನಾನೂ ಅಕ್ಕನೂ ಮುಂದಿನ ಸಾಲಿಗೆ.

ವಿಜಯಪ್ರಸಾದ್ ನಿರ್ದೇಶನದ ಆ ಧಾರಾವಾಹಿಯಲ್ಲಿ ರವಿಶಂಕರ್ ಗೌಡ ಡಾಕ್ಟರ್ ವಿಠಲ್ ರಾವ್ ಆಗಿದ್ದರು, ರೂಪಾ ಪ್ರಭಾಕರ್ ಲಲ್ಲಿಯಾಗಿದ್ದರು. ಡಾಕ್ಟರರ ಹೆಂಡತಿ, ಸಮಾಜ ಸೇವಕಿ ಲಲಿತಾಂಬ, ಮಂಜುಭಾಷಿಣಿ. ಅದೇ ಕಾಲಕ್ಕೆ ಸಿಹಿಕಹಿ ಚಂದ್ರು ಅವರ 'ಪಾಪ ಪಾಂಡು'ವೂ ಇತ್ತು. ಅದರ ಶಾಲಿನಿಯನ್ನೂ ನಾವು ಬಿಡದೆ ನೋಡಿದವರೇ. ಆದರೆ ಪಡಸಾಲೆ ಪೂರ್ತಿ ತುಂಬುತ್ತಿದ್ದುದು ಲಲಿತಾಂಬಳಿಗೆ.

ಮಂಜುಭಾಷಿಣಿ ನಗಿಸುವುದಕ್ಕೆಂದು ಮುಖ ಸೊಟ್ಟ ಮಾಡುತ್ತಿರಲಿಲ್ಲ. ಲಲಿತಾಂಬಳಿಗೆ ತಾನು ದೊಡ್ಡ ಮನುಷ್ಯಳು ಎಂಬುದರಲ್ಲಿ ಎಳ್ಳಷ್ಟೂ ಅನುಮಾನವಿಲ್ಲ. ಆ ನಂಬಿಕೆಯನ್ನು ಆಕೆ ಒಂದು ಗಳಿಗೆಯೂ ಸಡಿಲಿಸದೆ ಹಿಡಿದಿದ್ದಕ್ಕೇ ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ನಟಿ ತಾನೇ ಒಳಗೊಳಗೆ ನಕ್ಕುಬಿಟ್ಟರೆ ಈ ತರಹದ ಪಾತ್ರ ಅಲ್ಲೇ ಕೆಡುತ್ತದೆ. ಆಮೇಲೆ ಬಂದ ಎಷ್ಟೋ ಹಾಸ್ಯ ಧಾರಾವಾಹಿಗಳು ಕೆಟ್ಟದ್ದು ಹಾಗೆಯೇ ಎಂದು ನನ್ನ ಅಭಿಪ್ರಾಯ. ಹಿಂದಿನಿಂದ ನಗುವಿನ ಸದ್ದು ಹಾಕಿ ನಮ್ಮನ್ನು ನಗಿಸಲು ನೋಡುವವರ ಬಗ್ಗೆ ಮಾತಾಡದಿರುವುದೇ ಲೇಸು.

ಆಗ ಹಳ್ಳಿಗಳಿಗೆ ಸ್ತ್ರೀಶಕ್ತಿ ಸಂಘಗಳು ಹೊಸದಾಗಿ ಬಂದಿದ್ದವು. ನಮ್ಮ ಚಿಗವ್ವ ಒಂದು ಸಂಘದ ಅಧ್ಯಕ್ಷೆ. ಮೀಟಿಂಗಿಗೆ ಹೋಗುವ ದಿನ ಇಳಕಲ್ಲ ಸೀರೆಯ ಸೆರಗನ್ನು ಎರಡು ಸಲ ಸರಿಮಾಡಿಕೊಂಡು, ದನಿ ಒಂದಿಷ್ಟು ಎತ್ತರಿಸಿ ಮಾತಾಡುವುದು ಅವಳ ರೂಢಿ. ಓಣಿಯವರೆಲ್ಲ ಸೇರಿ ಅವಳಿಗೆ ಲಲಿತಾಂಬ ಎಂದು ಹೆಸರಿಟ್ಟರು. ಸಿಟ್ಟಾದಾಳು ಅಂದುಕೊಂಡಿದ್ದೆವು. "ಆಕೀಗರ ಗಂಡ ಡಾಕ್ಟರ್ ಅದಾನ, ನನ್ನ ಗಂಡ ಎತ್ತಿನ ಬಾಲಾ ಬಿಡವಲ್ಲ. ಅಂದ್ರ ನಾನಽ ಹೆಚ್ಚಿನಾಕಿ" ಎಂದು ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ. ಬೆಂಗಳೂರಿನ ಮಾತಿನ ಒಂದು ಪಾತ್ರ ಮಲಪ್ರಭೆಯ ದಂಡೆಗೆ ಬಂದು ಹೀಗೆ ಒಬ್ಬರ ಮನೆಹೆಸರಾಯಿತು.

ಆಯಿ, ನಮ್ಮ ಅಜ್ಜಿ, ಕಂಬಕ್ಕೆ ಒರಗಿ, ಎಲೆಅಡಿಕೆ ಹಾಕಿಕೊಂಡು ನೋಡುತ್ತಿದ್ದಳು. ಅವಳು ನಕ್ಕದ್ದು ಕಡಿಮೆ, ಪರೀಕ್ಷೆ ಮಾಡಿದ್ದೇ ಹೆಚ್ಚು. ಒಂದು ರಾತ್ರಿ ತೀರ್ಪು ಕೊಟ್ಟಳು: "ಈಕಿ ಕಂಪನ್ಯಾಗ ಇರಬೇಕಾಗಿತ್ತವಾ. ಬನಶಂಕರಿ ಜಾತ್ರ್ಯಾಗ ಥೇಟ್ರ ಹಾರಿಸಿಬಿಡ್ತಿದ್ಲು." ಆಯಿಯ ಬಾಯಲ್ಲಿ ಅದಕ್ಕಿಂತ ದೊಡ್ಡ ಪ್ರಶಸ್ತಿ ಇರಲಿಲ್ಲ.

ಬನದ ಹುಣ್ಣಿಮೆಗೆ ತೇರು ಎಳೆದ ಮೇಲೆ ಬನಶಂಕರಿಯಲ್ಲಿ ತಿಂಗಳುಗಟ್ಟಲೆ ನಾಟಕ. ಒಂದರ ಪಕ್ಕ ಒಂದು ತಗಡಿನ ಥೇಟರು, ರಾತ್ರಿಯಿಡೀ ಆಟದ ಮೇಲೆ ಆಟ. ಎಲ್ಲ ಮೈಕುಗಳೂ ಒಟ್ಟಿಗೇ ಕೂಗುತ್ತವೆ. ಚಕ್ಕಡಿ ಹೂಡಿಕೊಂಡು ಹೋಗಿ, ಬುತ್ತಿ ಬಿಚ್ಚಿ ಉಂಡು, ಎರಡು ಆಟ ನೋಡಿ ನಸುಕಿಗೆ ತಿರುಗಿ ಬರುವುದು ಆಯಿಯ ಕಾಲದ ಸಡಗರ. ನನಗೆ ನೆನಪಿರುವುದು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಚಾದರ ಹೊದ್ದು ಕೂತದ್ದು, ಮತ್ತು ಹಾಸ್ಯ ನಟಿ ರಂಗದ ಮೇಲೆ ಕಾಲಿಟ್ಟೊಡನೆ, ಬಾಯಿ ತೆರೆಯುವ ಮೊದಲೇ, ನೆಲದ ಮೇಲೆ ಕೂತ ಜನ ಹೊಡೆದ ಸಿಳ್ಳೆ. ಅಲ್ಲಿಯ ನಟಿಯರು ಊರನ್ನೇ ಹೆಸರಿಗೆ ಕಟ್ಟಿಕೊಂಡವರು: ಪ್ರೇಮಾ ಗುಳೇದಗುಡ್ಡ, ಮಮತಾ ಗುಡೂರ. ಹುನಗುಂದ ತಾಲ್ಲೂಕಿನ ಸೂಳೇಬಾವಿಯ ಪಿ.ಬಿ. ಧುತ್ತರಗಿಯವರ ಹೆಂಡತಿ ಸರೋಜಮ್ಮನವರೂ ಕಂಪನಿ ರಂಗಭೂಮಿಯ ಕಲಾವಿದೆ. ಧುತ್ತರಗಿಯವರ 'ಸಂಪತ್ತಿಗೆ ಸವಾಲ್' 1974ರಲ್ಲಿ ರಾಜಕುಮಾರ್ ಅವರ ಸಿನಿಮಾ ಆಗಿ ನಾಡೆಲ್ಲ ಓಡಿತು. ನಮ್ಮ ಕಡೆಯವರಿಗೆ ಅದು ಅದಕ್ಕೂ ಮೊದಲೇ ಬಾಯಿಪಾಠ.

ನಾಟಕಕ್ಕೆ ಹೆಣ್ಣುಮಕ್ಕಳು ಹೋಗುವುದೇನು ಎಂದು ಗೊಣಗುವವರು ಆಗಲೂ ಇದ್ದರು. ಅವರ ಬಾಯಿ ಮುಚ್ಚಿಸಲು ಆಯಿಯ ಹತ್ತಿರ ಮಠದ್ದೇ ಮಾತು ಇತ್ತು. ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಕಟ್ಟಿದ ಶಿವಯೋಗ ಮಂದಿರವೆಂದರೆ ವಟುಗಳ ಅಧ್ಯಯನ, ಗೋಶಾಲೆ, ವಿಭೂತಿ. ಅಲ್ಲಿ ಟಿವಿ, ಸಿನಿಮಾದ ಮಾತೇ ಇಲ್ಲ. ಆದರೆ ಕಣ್ಣು ಕಾಣದ ಬಾಲಕನೊಬ್ಬನಿಗೆ ಸಂಗೀತ ಕಲಿಸಿ ಪಂಚಾಕ್ಷರಿ ಗವಾಯಿಗಳನ್ನಾಗಿ ಬೆಳೆಸಿದವರೂ ಅದೇ ಕುಮಾರ ಸ್ವಾಮಿಗಳು. ಗವಾಯಿಗಳು ಮುಂದೆ ನಾಟಕ ಸಂಘವನ್ನೇ ಕಟ್ಟಿದರು, ಅದಕ್ಕೆ ಗುರು ಕುಮಾರೇಶ್ವರರ ಹೆಸರನ್ನೇ ಇಟ್ಟರು. ಅದನ್ನು ಪುಟ್ಟರಾಜ ಗವಾಯಿಗಳು ನಡೆಸಿದರು. "ಗವಾಯಿ ಅಜ್ಜಾರಽ ಕಂಪನಿ ಕಟ್ಟ್ಯಾರ, ನಿಂದೇನೋ?" ಎಂದು ಆಯಿ ಕೇಳಿದರೆ ಮುತ್ಯಾನೂ ಸುಮ್ಮನಾಗಿ ಚಕ್ಕಡಿ ಹೂಡುತ್ತಿದ್ದ.

ನಗಿಸುವ ಹೆಣ್ಣಿಗೆ ಸಿಳ್ಳೆ ಸಿಗುತ್ತದೆ, ಮರ್ಯಾದೆ ತಡವಾಗಿ ಸಿಗುತ್ತದೆ. ಇದನ್ನು ಹೇಳುವಾಗ ಉಮಾಶ್ರೀಯವರ ಹೆಸರು ಬಾರದೆ ಇರದು. ದೇವನೂರ ಮಹಾದೇವರ 'ಒಡಲಾಳ' ರಂಗಕ್ಕೆ ಬಂದಾಗ ಸಾಕವ್ವನಾಗಿ ನಿಂತ ನಟಿ ಆಕೆ. 1984ರಲ್ಲಿ ಕಾಶೀನಾಥರ 'ಅನುಭವ' ಬಂತು. ಆಮೇಲೆ ಚಿತ್ರದ ಮೇಲೆ ಚಿತ್ರ, ಬಹಳಷ್ಟರಲ್ಲಿ ಎರಡರ್ಥದ ಮಾತು. ಜನ ಬಿದ್ದು ಬಿದ್ದು ನಕ್ಕರು, ಹೊರಗೆ ಬಂದು ಆಕೆಯನ್ನೇ ಬೈದರು. ಮಾತು ಬರೆದವರನ್ನು ಕೇಳಿದವರಿಲ್ಲ. ಗಿರೀಶ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' ಆಕೆಗೆ 2007ನೇ ಸಾಲಿನ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ತಂದಿತು. ವೈದೇಹಿಯವರ ಕತೆಯಿಂದ ಬಂದ ಆ ಚಿತ್ರದಲ್ಲಿ ಸೂಲಗಿತ್ತಿ ಗುಲಾಬಿಯ ಮನೆಗೆ ಟಿವಿ ಬರುತ್ತದೆ, ಊರ ಹೆಂಗಸರು ನೋಡಲು ಬಂದು ಕೂಡುತ್ತಾರೆ. ನಾನೂ ಅಕ್ಕನೂ ಒಟ್ಟಿಗೆ ಅದನ್ನು ನೋಡಿದಾಗ ಕರಾವಳಿಯ ಆ ಗುಡಿಸಲಿನೊಳಗೆ ನಮ್ಮ ಓಣಿಯವರೇ ಕೂತಂತೆ ಕಂಡಿತು. ಅಕ್ಕ ಒಬ್ಬೊಬ್ಬರನ್ನೂ ತೋರಿಸಿ, "ಇಕಾ, ಇಕಿ ಚಿಗವ್ವ" ಎನ್ನುತ್ತಿದ್ದಳು.

ಅದೇ ಉಮಾಶ್ರೀ ನಮ್ಮ ಜಿಲ್ಲೆಯ ತೇರದಾಳಕ್ಕೆ ಬಂದು ಮತ ಕೇಳಿದರು. 2008ರಲ್ಲಿ ಸೋತರು, ಊರು ಬಿಡಲಿಲ್ಲ, 2013ರಲ್ಲಿ ಗೆದ್ದರು. ಕನ್ನಡ ಮತ್ತು ಸಂಸ್ಕೃತಿ, ಮಹಿಳಾ ಮತ್ತು ಮಕ್ಕಳ ಖಾತೆಗಳ ಮಂತ್ರಿಯಾದರು. ಅವರ ರಾಜಕೀಯದ ಬಗ್ಗೆ ಯಾರು ಏನೇ ಹೇಳಲಿ, ಬೆಂಗಳೂರು ಸಿನಿಮಾದಲ್ಲಿ ನಕ್ಕು ಮರೆತ ನಟಿಯನ್ನು ಬಾಗಲಕೋಟೆ ಜಿಲ್ಲೆ ವಿಧಾನಸೌಧಕ್ಕೆ ಕಳಿಸಿತು ಎಂಬ ಹೆಮ್ಮೆ ನನಗಿದೆ.

ನಮ್ಮ ಪಡಸಾಲೆ ಬಹಳ ದಿನ ಉಳಿಯಲಿಲ್ಲ. ಮನೆಮನೆಗೂ ಟಿವಿ ಬಂತು. 2009ರಲ್ಲಿ ಹೊಳೆ ಬಂದಾಗ ಆ ಮನೆಯ ಹಿಂದಿನ ಗೋಡೆ ಬಿತ್ತು. 2015ರಲ್ಲಿ ಈಟಿವಿ ಕನ್ನಡವೇ ಕಲರ್ಸ್ ಕನ್ನಡ ಆಯಿತು. ಆಯಿ ಅಷ್ಟರಲ್ಲಿ ತೀರಿಕೊಂಡಿದ್ದಳು.

2021ರ ಡಿಸೆಂಬರಿನಲ್ಲಿ ಜೀ ಕನ್ನಡದಲ್ಲಿ 'ಪುಟ್ಟಕ್ಕನ ಮಕ್ಕಳು' ಶುರುವಾಯಿತು. ಪುಟ್ಟಕ್ಕನಾಗಿ ಉಮಾಶ್ರೀ. ಬಡ್ಡಿ ವ್ಯವಹಾರದ ಗತ್ತಿನ ಬಂಗಾರಮ್ಮನಾಗಿ ಮಂಜುಭಾಷಿಣಿ. ಇಳಕಲ್ಲಿಗೆ ಕೊಟ್ಟ ಅಕ್ಕ ಅವತ್ತೇ ಫೋನು ಮಾಡಿದಳು. "ತಂಗಿ, ಬಂಗಾರಮ್ಮನ್ನ ನೋಡಿದಿ? ನಮ್ಮ ಲಲಿತಾಂಬಾನ! ಆಯಿ ಇದ್ದಿದ್ರ ಏನಂತಿದ್ಲು?" ಲಲಿತಾಂಬಳ ಅದೇ ದೊಡ್ಡಸ್ತಿಕೆ ಇಲ್ಲಿ ಅಂಜಿಕೆ ಹುಟ್ಟಿಸುತ್ತಿತ್ತು. ಎತ್ತಿದ ತಲೆ ಅದೇ, ನಡಿಗೆ ಅದೇ, ನಗು ಮಾತ್ರ ಬರಲಿಲ್ಲ. ನಗಿಸಿ ಪಳಗಿದವರಿಗೇ ಇಂಥದ್ದು ಸಾಧ್ಯ, ಬರೀ ಅಳಿಸಿ ಗೊತ್ತಿದ್ದವರಿಗಲ್ಲ. ನಮ್ಮ ಪ್ರಶಸ್ತಿ ಕೊಡುವವರಿಗೆ ಈ ಮಾತು ಇನ್ನೂ ಪೂರ್ತಿ ಇಳಿದಂತಿಲ್ಲ. ನಟಿ ಕಣ್ಣೀರು ಸುರಿಸಿದರಷ್ಟೇ ಅವರಿಗೆ ಅಭಿನಯ.

ಬನಶಂಕರಿಗೆ ಈಗಲೂ ಕಂಪನಿಗಳು ಬರುತ್ತವೆ. ಬನದ ಹುಣ್ಣಿಮೆಗೆ ಬಂದವರು ತೇರು ನೋಡಿ, ರೊಟ್ಟಿ ಉಂಡು ಹಾಗೇ ಬಸ್ಸು ಹತ್ತಬೇಡಿ. ಒಂದು ಟಿಕೀಟು ತೆಗೆಸಿ ಒಳಗೆ ಕೂಡ್ರಿ, ಹಾಸ್ಯ ನಟಿಯ ಹೆಸರೇನೆಂದು ಹೊರಗಿನ ಬೋರ್ಡಿನಲ್ಲಿ ಓದಿಕೊಂಡು ಹೋಗಿ.